ಕೂಡಿಸದ ಹಳಿಯ ಮೇಲೆ

ಇಂಥ ಮಾತುಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಮೇಲೆ ನಮ್ಮದೊಂದು ಬ್ಯಾಟರಿ ಅಂಗಡಿ ಇದೆ. ನಮ್ಮ ಯಜಮಾನರು ಕೆಲಸ ನೋಡಿಕೊಳ್ಳುತ್ತಾರೆ, ನಾನು ಕೌಂಟರಿನಲ್ಲಿ ಕೂರುತ್ತೇನೆ. ಬಂಡೀಪುರದ ಕಾಡು ದಾಟಿ ಬರುವ ಲಾರಿ ಡ್ರೈವರುಗಳು ಬ್ಯಾಟರಿ ಚಾರ್ಜ್ ಆಗುವವರೆಗೆ ನಮ್ಮ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಾ ಏನೇನೋ ಹೇಳುತ್ತಾರೆ. ಕಾಡಂಚಿನ ಹಂಗಳ ಊರು ಇನ್ನೂ ಬಂದಿಲ್ಲ ಎನ್ನುವಾಗ ಕೈ ಅಡ್ಡ ಹಿಡಿದು ನಿಂತ ಹೆಂಗಸು, ಕನ್ನಡಿಯಲ್ಲಿ ಕಂಡು ತಿರುಗಿ ನೋಡಿದರೆ ಇಲ್ಲದ ಮನುಷ್ಯ, ಇಂಥವು. ನಾನು ನಗುತ್ತಿದ್ದೆ. ನಿದ್ದೆಗೆಟ್ಟವರ ಕಣ್ಣಿಗೆ ಕಾಡಿನಲ್ಲಿ ಏನು ಬೇಕಾದರೂ ಕಾಣುತ್ತದೆ, ಹೋಗಿ ಮೊದಲು ಮಲಗಿ ಎನ್ನುತ್ತಿದ್ದೆ. ಅವರೂ ನಗುತ್ತಿದ್ದರು.

ಈಗಲೂ ಅವರ ಕತೆಗಳನ್ನು ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಏಕೆಂದರೆ ಚಾಮರಾಜನಗರದ ಹೊರಗೆ, ರೈಲು ಹಳಿಯ ಪಕ್ಕದಲ್ಲಿ, ಒಂದು ಸಂಜೆ ನಾನು ಕಂಡದ್ದನ್ನು ನನಗೇ ನಂಬಲಾಗುತ್ತಿಲ್ಲ. ನಿದ್ದೆಗೆಟ್ಟಿರಲಿಲ್ಲ. ಪೂರ್ತಿ ಕತ್ತಲೂ ಆಗಿರಲಿಲ್ಲ.

ಸರೋಜ ನನ್ನ ತಂಗಿ. ನನಗೂ ಅವಳಿಗೂ ತುಂಬ ವಯಸ್ಸಿನ ಅಂತರ. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಚಂದಕವಾಡಿಯ ಮಾದೇವಸ್ವಾಮಿಗೆ ಕೊಟ್ಟು ಮದುವೆ ಮಾಡಿದೆವು. ಒಳ್ಳೆಯ ಹುಡುಗ, ಮಾತು ಕಮ್ಮಿ. ಚಾಮರಾಜನಗರದಲ್ಲಿ ಗುಮಾಸ್ತನ ಕೆಲಸ ಸಿಕ್ಕ ಮೇಲೆ ಊರಂಚಿನಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ. ಅವನ ತಾಯಿ ದೊಡ್ಡತಾಯಮ್ಮನೂ ಬಂದು ಅವರ ಜೊತೆಗೇ ಇದ್ದರು. ಮನೆಯಿಂದ ಸ್ವಲ್ಪ ದೂರ ನಡೆದರೆ ರೈಲು ಗೇಟು. ಸರೋಜ ಮಾದೇವರಿಗೊಬ್ಬ ಮಗ, ಮನು.

ಮನುವಿಗೆ ರೈಲೆಂದರೆ ಪ್ರಾಣ. ಮೊದಲಿದ್ದ ಸಣ್ಣ ಹಳಿಯನ್ನು ಕಿತ್ತು ದೊಡ್ಡ ಹಳಿ ಹಾಕುವುದಕ್ಕೆಂದು ನಮ್ಮ ಕಡೆ ರೈಲು ಎಷ್ಟೋ ಕಾಲ ನಿಂತೇ ಹೋಗಿತ್ತು. ಅದು ಮತ್ತೆ ಓಡಾಡಲು ಶುರುವಾದಾಗ ಮನುವಿಗೆ ಸರಿಯಾಗಿ ಮಾತು ಬರುತ್ತಿದ್ದ ವಯಸ್ಸು. ಸಂಜೆ ಮೈಸೂರಿನ ಕಡೆಯಿಂದ ರೈಲು ಬರುವ ಹೊತ್ತಿಗೆ ಸರೋಜ ಅವನನ್ನು ಎತ್ತಿಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ನಾನು ಹೋದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು.

ಆ ಜಾಗದ ವಿಷಯ ಸ್ವಲ್ಪ ಹೇಳಬೇಕು. ಮೈಸೂರಿನಿಂದ ಬರುವ ಹಳಿ ಒಂದೇ. ಊರು ಸಮೀಪಿಸಿದ ಮೇಲೆ ಅದನ್ನು ಎರಡು ಮಾಡುವ ಕೆಲಸ ಆಗ ನಡೆದಿತ್ತು. ರೈಲು ಚಾಮರಾಜನಗರದಲ್ಲೇ ಕೊನೆಯಾಗುವುದರಿಂದ ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ತರಬೇಕು. ಒಂದು ಹಳಿಯಲ್ಲಿ ಡಬ್ಬಿಗಳು ನಿಂತಿರುವಾಗ ಎಂಜಿನ್ ಸುತ್ತಿ ಬರುವುದಕ್ಕೆ, ಗೂಡ್ಸ್ ಬಂದರೆ ಪಕ್ಕಕ್ಕೆ ನಿಲ್ಲಿಸುವುದಕ್ಕೆ, ಎರಡನೆಯ ಹಳಿ ಬೇಕು ಎಂದು ಮಾದೇವ ಹೇಳಿದ್ದ. ಹೊಲದ ಕಡೆಯದು ರೈಲು ಓಡಾಡುವ ಹಳಿ. ಮನೆಗಳ ಕಡೆಯದು ಹೊಸದು. ಗೇಟು ದಾಟಿ ಒಂದಷ್ಟು ದೂರದವರೆಗೆ ಹೊಸ ಹಳಿಯನ್ನು ಹಾಸಿದ್ದರು. ಆದರೆ ಮೈಸೂರಿನ ಕಡೆಯ ತುದಿಯಲ್ಲಿ ಅದನ್ನು ಹಳೆಯದಕ್ಕೆ ಇನ್ನೂ ಕೂಡಿಸಿರಲಿಲ್ಲ. ಕೆಲಸ ಅಷ್ಟಕ್ಕೇ ನಿಂತಿತ್ತು. ಗೇಟಿನಿಂದ ಸ್ವಲ್ಪ ಮುಂದೆ ಆ ಹಳಿಯ ಮೇಲೆಯೇ, ಹಳಿಗಳ ಕೆಳಗೆ ಹಾಸುವ ಸಿಮೆಂಟಿನ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದ್ದರು. ಮಕ್ಕಳು ಅದರ ಮೇಲೆ ಹತ್ತಿ ಆಡುತ್ತಿದ್ದವು.

ಮನು ಹೋದದ್ದು ರೈಲಿನಿಂದಲ್ಲ, ನೀರಿನಿಂದ. ಹೊಸ ಮನೆಗಳಲ್ಲೆಲ್ಲ ಇರುವಂತೆ ಅವರ ಬಾಗಿಲ ಮುಂದೆಯೂ ನೆಲದೊಳಗೊಂದು ಸಂಪು. ನಲ್ಲಿ ನೀರು ಬಿಟ್ಟ ದಿನ ಎಷ್ಟು ತುಂಬಿದೆ ನೋಡೋಣವೆಂದು ಸರೋಜ ಮುಚ್ಚಳ ತೆಗೆದಿದ್ದಳು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂದು ಒಳಗೆ ಓಡಿದಳು. ಒಲೆ ಆರಿಸಿ, ಚೆಲ್ಲಿದ್ದನ್ನು ಒರೆಸಿ ಹೊರಗೆ ಬಂದಳು. ಅಷ್ಟೇ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಅವಳನ್ನು ಯಾರೂ ಬೈಯಲಿಲ್ಲ. ಮಾದೇವ ಒಂದು ಮಾತೂ ಆಡಲಿಲ್ಲ. ದೊಡ್ಡತಾಯಮ್ಮ ಸಂಪಿನ ಬಾಯಿಗೆ ಒಂದು ಚಪ್ಪಡಿ ಕಲ್ಲು ಹಾಕಿಸಿ, ಅದರ ಮೇಲೆ ತಾವೇ ಕೂರಲು ಶುರು ಮಾಡಿದರು. ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಕೂತು ಸೊಪ್ಪು ಸೋಸುವುದು, ಎಲೆ ಅಡಿಕೆ ಹಾಕುವುದು. ನಾನು ಸರೋಜಳನ್ನು ಗುಂಡ್ಲುಪೇಟೆಗೆ ಕರೆತಂದು ಕೆಲವು ವಾರ ಇಟ್ಟುಕೊಂಡೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಒಂದು ದಿನ ತಲೆ ಬಾಚುತ್ತಿದ್ದಾಗ ತಾನಾಗಿಯೇ ಮಾತಾಡಿದಳು.

"ಯಾರೂ ಏನೂ ಅನ್ನಲ್ಲ ಕಣಕ್ಕ. ಅನ್ಬೇಕಿತ್ತು. ಒಂದ್ಸಲ ಆದ್ರೂ ಬಾಯ್ತುಂಬ ಬಯ್ಬೇಕಿತ್ತು."

ಜಡೆ ಹಾಕಿ ಮುಗಿಸಿದೆ. ಆಮೇಲೆ ಅವಳೇ, ಅತ್ತೆಗೆ ಮಂಡಿ ನೋವು, ನಾನು ಹೋಗಬೇಕು ಎಂದು ಹಟ ಹಿಡಿದಳು. ಮಾದೇವ ಬಂದು ಕರೆದುಕೊಂಡು ಹೋದ.

ಅವಳು ಹೋಗಿ ಹೆಚ್ಚು ದಿನವಾಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ತಟ್ಟೆ ಹಾಕುತ್ತಿದ್ದೆ. ಮಾದೇವನ ಫೋನ್ ಬಂತು.

"ಅಕ್ಕ, ಸರೋಜ ಏನಾರ ನಿಮ್ಮನೆಗೆ ಬಂದವ್ಳಾ?"

ಇಲ್ಲ ಎಂದೆ. ಇಬ್ಬರಿಗೂ ಅರ್ಥವಾಗಿತ್ತು.

"ಚಂದಕವಾಡಿಗೆ ಓಯ್ತಾ ಇವ್ನಿ. ಅಲ್ಲಿ ನಮ್ ಹೊಲದಲ್ಲಿ ಬಾವಿ ಅದೆ," ಎಂದು ಫೋನ್ ಇಟ್ಟ.

ಯಜಮಾನರು ಕೇರಳದ ಕಡೆ ಸಾಮಾನು ತರಲು ಹೋಗಿದ್ದರು. ಅಂಗಡಿಯ ಬಾಗಿಲೆಳೆದು ಬಸ್ ಸ್ಟ್ಯಾಂಡಿಗೆ ಓಡಿದೆ. ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಸಿಕ್ಕಿತು. ಕೂರಲು ಜಾಗವಿತ್ತು, ನನಗೆ ಕೂರಲಾಗಲಿಲ್ಲ. ಎದುರಿನಿಂದ ಬಸ್ಸು ಬಂದಾಗಲೆಲ್ಲ ಬಗ್ಗಿ ಅದರ ಕಿಟಕಿಗಳನ್ನು ನೋಡುತ್ತಿದ್ದೆ. ನನ್ನ ಮನೆಗೇ ಬರುತ್ತಿದ್ದಾಳೇನೋ, ನಾನು ಈ ಕಡೆ ಅವಳು ಆ ಕಡೆ ಆಗಿಬಿಟ್ಟರೆ ಏನು ಗತಿ ಎಂದು ಹೆದರಿಕೆ. ಪಕ್ಕದಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತಿದ್ದ ಒಬ್ಬ ಮುದುಕ, "ಯಾಕವ್ವ, ಯಾರಾರ ತೀರ್ಕಂಡ್ರಾ?" ಎಂದು ಕೇಳಿದ. ಇಲ್ಲ ಎಂದೆ. ಬಸ್ಸು ತೆರಕಣಾಂಬಿಯಲ್ಲಿ ನಿಂತಷ್ಟು ಹೊತ್ತು ಹಿಂದೆಂದೂ ನಿಂತಿರಲಿಲ್ಲ ಎನ್ನಿಸಿತು.

ಮನೆಗೆ ಹೋದರೆ ದೊಡ್ಡತಾಯಮ್ಮ ಚಪ್ಪಡಿಯ ಮೇಲೆಯೇ ಕೂತಿದ್ದರು. ನನ್ನನ್ನು ಕಂಡು ಏಳಲಿಲ್ಲ, ಅಳಲೂ ಇಲ್ಲ.

"ನಲ್ಲಿ ಬುಟ್ರು ಕಣವ್ವ. ನೀರು ಒಳಕ್ ಬೀಳೋ ಸದ್ದು ಕೇಳ್ತು. ಅನ್ನಕ್ಕಿಡ್ತಾ ಇದ್ದೋಳು ಅಂಗೇ ಎದ್ದು ಓದ್ಲು," ಎಂದರು. "ನಾ ಕೂಗ್ದೆ. ನನ್ ಕಾಲು ಏಳ್ನಿಲ್ಲ."

ಒಳಗೆ ಹೋಗಿ ನೋಡಿದೆ. ತೊಳೆದ ಅಕ್ಕಿ ಪಾತ್ರೆಯಲ್ಲಿ ಹಾಗೆಯೇ ಇತ್ತು. ಅವಳ ಪರ್ಸು, ಮೊಬೈಲು ಎರಡೂ ಮಂಚದ ಮೇಲಿದ್ದವು.

ಅಲ್ಲಿಂದ ಸಂಜೆಯವರೆಗೆ ನಾನು ಎಲ್ಲೆಲ್ಲಿ ಹೋದೆನೋ ಸರಿಯಾಗಿ ನೆನಪಿಲ್ಲ. ಎಲ್ಲರ ಮನಸ್ಸೂ ನೀರಿನ ಕಡೆಗೇ ಹೋಗುತ್ತಿತ್ತು. ಮಗು ನೀರಿನಲ್ಲಿ ಹೋಯಿತು, ತಾಯಿಯೂ ಅಲ್ಲಿಗೇ ಹೋಗಿರುತ್ತಾಳೆ ಎಂದು ನೆರೆಯವರೆಲ್ಲ ಬಾಯಿಬಿಟ್ಟು ಹೇಳದಿದ್ದರೂ ಕೆರೆ, ಬಾವಿಗಳ ಹೆಸರನ್ನೇ ಹೇಳುತ್ತಿದ್ದರು. ಕೆರೆಯ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಕೇಳಿದೆ. ಹಳದಿ ಸೀರೆ, ತೆಳ್ಳಗಿದ್ದಾಳೆ, ಎಡಗೆನ್ನೆಯ ಮೇಲೊಂದು ಮಚ್ಚೆ ಎಂದು ಹೇಳುತ್ತಾ ಹೇಳುತ್ತಾ ನನಗೇ ಒಂದು ಕ್ಷಣ ಅವಳ ಮುಖ ಮರೆತಂತಾಯಿತು. ನೀರಿನಲ್ಲಿ ಏನೋ ಹಳದಿ ತೇಲುತ್ತಿತ್ತು. ಪ್ಲಾಸ್ಟಿಕ್ ಕವರು. ಅದು ದಡಕ್ಕೆ ಬರುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಬಸ್ ಸ್ಟ್ಯಾಂಡಿಗೆ, ದೇವಸ್ಥಾನಕ್ಕೆ, ಆಸ್ಪತ್ರೆಗೆ, ಮತ್ತೆ ಬಸ್ ಸ್ಟ್ಯಾಂಡಿಗೆ. ಆಸ್ಪತ್ರೆಯಲ್ಲಿ ಒಬ್ಬ, ಹೆಣ ಯಾವುದೂ ಬಂದಿಲ್ಲಮ್ಮ ಎಂದ. ಅವನಿಗೆ ಕೈ ಮುಗಿದೆ.

ಚಂದಕವಾಡಿಯಿಂದ ಮಾದೇವ ಫೋನ್ ಮಾಡಿದ. ಬಾವಿಗೆ ಜನ ಇಳಿಸಿ ನೋಡಿಸಿದ್ದಾಯಿತು, ಇಲ್ಲ ಎಂದ. ಅವನ ದನಿ ಗುರುತು ಸಿಗದ ಹಾಗಿತ್ತು.

ಹೊತ್ತು ಮುಳುಗುತ್ತಿದ್ದಾಗ ಮತ್ತೆ ಮನೆಯ ಬೀದಿಗೆ ಬಂದೆ. ತಿರುವಿನಲ್ಲಿ ಗಾದಿ ಹೊಲಿಯುವವರ ಮನೆ. ಆ ಮನೆಯ ನೂರ್‌ಜಹಾನ್ ಹತ್ತಿ ಮೂಟೆಯನ್ನು ಒಳಗೆ ಎಳೆದುಕೊಳ್ಳುತ್ತಿದ್ದವಳು ನನ್ನನ್ನು ನೋಡಿ ನಿಂತಳು. ಬೆಳಿಗ್ಗೆಯೇ ಸಂತೆಗೆ ಹೋಗಿ ಆಗ ತಾನೇ ಬಂದಿದ್ದಳಂತೆ, ವಿಷಯವೇ ಗೊತ್ತಿರಲಿಲ್ಲ.

"ಸರೋಜಮ್ಮನ್ನಾ ಹುಡುಕ್ತಾ ಇರೋದು? ಈಗ ಗೇಟ್ ಹತ್ರ ನೋಡ್ದೆ ಅಲ್ಲಕ್ಕಾ. ಹಳಿ ಪಕ್ಕ ಹಂಗೇ ನಡ್ಕೊಂಡು ಹೋಗ್ತಾ ಇತ್ತು. ನಾನು ಕರೆದ್ರೆ ತಿರುಗ್ಲಿಲ್ಲ. ಮಗು ನೆನಪಾಗಿ ರೈಲು ನೋಡಕ್ಕೆ ಬಂದೈತೆ ಪಾಪ ಅಂತ ಸುಮ್ನಾದೆ."

ಅವಳ ಮಾತು ಮುಗಿಯುವ ಮೊದಲೇ ನಾನು ಓಡುತ್ತಿದ್ದೆ.

ಗೇಟು ಬಿದ್ದಿತ್ತು. ಎರಡೂ ಕಡೆ ಸ್ಕೂಟರುಗಳು, ಒಂದು ಟ್ರಾಕ್ಟರು ಕಾದು ನಿಂತಿದ್ದವು. ಅಂದರೆ ರೈಲು ಹತ್ತಿರದಲ್ಲೇ ಇದೆ. ಗೇಟಿನ ಕೆಳಗೆ ನುಸುಳಿ ಹಳಿಗಳ ಪಕ್ಕ ಹಿಡಿದು ಮೈಸೂರಿನ ದಿಕ್ಕಿಗೆ ಓಡಿದೆ. ಹಿಂದಿನಿಂದ ಗೇಟಿನವನು, "ಓಯ್, ಎಲ್ಲೋಯ್ತೀರಮ್ಮ, ಗಾಡಿ ಬತ್ತಾ ಅದೆ," ಎಂದು ಕೂಗಿದ. ನಿಂತು ಅವನಿಗೆ ಹೇಳುವಷ್ಟು ಪುರುಸೊತ್ತೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ.

ಸಿಮೆಂಟಿನ ದಿಮ್ಮಿಗಳ ರಾಶಿ ಎದುರಾಯಿತು. ಅದನ್ನು ಸುತ್ತಿ ದಾಟುವಾಗ ಮೊಣಕಾಲು ತಗುಲಿ ಚರ್ಮ ಕಿತ್ತಿತು. ಆ ರಾಶಿ ಅಲ್ಲಿತ್ತು, ಹೊಸ ಹಳಿಯ ಮೇಲೆಯೇ ಇತ್ತು ಎಂಬುದಕ್ಕೆ ಆ ಗಾಯದ ಕಲೆ ಈಗಲೂ ನನ್ನ ಮೊಣಕಾಲ ಮೇಲಿದೆ. ಅಲ್ಲಿಂದ ಮುಂದೆ ಹಳಿಗಳು ನೇರ. ಬೆಳಕು ಕಂದುತ್ತಿತ್ತು, ಆದರೂ ಕಾಣುತ್ತಿತ್ತು. ದೂರದಲ್ಲಿ ಹಳದಿ ಬಣ್ಣ ಕಂಡಿತು. ಸರೋಜ ಆಚೆ ಹಳಿಯಲ್ಲಿ, ರೈಲು ಓಡಾಡುವ ಹಳಿಯಲ್ಲಿ, ನನಗೆ ಬೆನ್ನು ಮಾಡಿ ಕೂತಿದ್ದಳು. ಅಂಗಳದಲ್ಲಿ ರಾಗಿ ಕೇರುವವರು ಕೂರುವ ಹಾಗೆ ಕಾಲು ಮಡಚಿ, ನೆಟ್ಟಗೆ.

ಅವಳ ಹೆಸರು ಹಿಡಿದು ಕೂಗಿದೆ. ತಿರುಗಲಿಲ್ಲ. ಮತ್ತೆ ಕೂಗಿದೆ. ಅವಳ ಆಚೆ, ಹಳಿಯ ಕೊನೆಯಲ್ಲಿ, ಎಂಜಿನ್ನಿನ ದೀಪ ಕಾಣಿಸಿತು.

ಇನ್ನು ಮುಂದಿನದನ್ನು ನಾನು ಕಂಡ ಹಾಗೆಯೇ ಬರೆಯುತ್ತೇನೆ. ಹೆಚ್ಚು ಕಮ್ಮಿ ಮಾಡುವುದಿಲ್ಲ.

ನಾನು ಓಡುತ್ತಲೇ ಇದ್ದೆ. ಎಂಜಿನ್ ಸೀಟಿ ಹಾಕಿತು, ಉದ್ದಕ್ಕೆ, ಬಿಡದೆ. ಅವಳಿಗೂ ನನಗೂ ಇನ್ನು ನಾಲ್ಕಾರು ಮಾರು. ಅವಳನ್ನು ಮುಟ್ಟಬೇಕಾದರೆ ಈಚೆಯ ಹೊಸ ಹಳಿಯನ್ನು ದಾಟಬೇಕು. ದಾಟಲೆಂದು ಆ ಹಳಿಯ ನಡುವೆ ಕಾಲಿಟ್ಟೆ. ಅಷ್ಟರಲ್ಲಿ ದೀಪದ ಬೆಳಕು ನೆಟ್ಟಗೆ ನನ್ನ ಮುಖದ ಮೇಲೆ ಬಿತ್ತು. ಅದುವರೆಗೆ ಆಚೆ ಹಳಿಯ ಮೇಲೆ, ಸರೋಜಳ ಮೇಲೆ ಬೀಳುತ್ತಿದ್ದ ಬೆಳಕು ವಾಲಿಕೊಂಡು ನನ್ನ ಕಡೆ ಬಂತು. ಕಾಲ ಕೆಳಗಿನ ಜಲ್ಲಿ ನಡುಗುತ್ತಿತ್ತು. ಯೋಚಿಸಲಿಲ್ಲ. ಹಿಂದಕ್ಕೆ ಹಾರಿದೆ. ಹಾರಿದೆ ಎನ್ನುವುದಕ್ಕಿಂತ ಬಿದ್ದೆ. ಮಗ್ಗುಲಾಗಿ ಜಲ್ಲಿಯ ಇಳಿಜಾರಿನ ಮೇಲೆ ಬಿದ್ದೆ. ನಾನು ನಿಂತಿದ್ದ ಜಾಗದ ಮೇಲೆ ಎಂಜಿನ್ ಹಾದುಹೋಯಿತು.

ಅದರ ಗಾಳಿಗೆ ನನ್ನ ಸೆರಗು ಮುಖಕ್ಕೆ ಸುತ್ತಿಕೊಂಡಿತು. ಎಳೆದು ಬಿಸಾಡಿದೆ. ಡೀಸೆಲ್ ವಾಸನೆ, ಬಿಸಿ, ಕಿವಿ ಒಡೆಯುವ ಸದ್ದು. ಡಬ್ಬಿಗಳ ಕಿಟಕಿಯ ಬೆಳಕು ಒಂದಾದ ಮೇಲೊಂದು ಜಲ್ಲಿಯ ಮೇಲೆ ಓಡುತ್ತಿತ್ತು. ನಾನು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದವಳು ಚಕ್ರಗಳ ಸಂದಿಯಿಂದ ಆಚೆ ನೋಡಿದೆ. ಅಲ್ಲಿ ಸರೋಜ ಕೂತಿದ್ದಳು. ಚಕ್ರ ಬಂದಾಗ ಮರೆಯಾಗುತ್ತಿದ್ದಳು, ಹೋದಾಗ ಕಾಣುತ್ತಿದ್ದಳು. ಹಳದಿ ಸೀರೆ, ಕಪ್ಪು, ಹಳದಿ ಸೀರೆ, ಕಪ್ಪು. ಅವಳ ಸೆರಗು ಅಲುಗುತ್ತಿರಲಿಲ್ಲ. ರೈಲಿನ ಪಕ್ಕದಲ್ಲಿ ಅಷ್ಟು ಹತ್ತಿರ ಕೂತವಳ ಸೆರಗು ಅಲುಗುತ್ತಿಲ್ಲವಲ್ಲ ಎಂದು ಆಗಲೇ, ಆ ಗದ್ದಲದಲ್ಲೇ ನನಗೆ ಅನ್ನಿಸಿತ್ತು.

ಕೊನೆಯ ಡಬ್ಬಿಯೂ ಹೋಯಿತು. ಅದರ ಹಿಂದಿನ ಕೆಂಪು ದೀಪ ಊರ ಕಡೆ ಹೋಗುವುದನ್ನು ನೋಡಲು ನಾನು ತಲೆ ತಿರುಗಿಸಲಿಲ್ಲ. ತೆವಳಿಕೊಂಡೇ ಹೊಸ ಹಳಿಯನ್ನು ದಾಟಿ ಅವಳನ್ನು ತಬ್ಬಿಕೊಂಡೆ. ಎಳೆದು ಹೊಲದ ಕಡೆಯ ಇಳಿಜಾರಿಗೆ ತಂದು ಹಾಕಿದೆ. ನನ್ನ ಬಾಯಿಂದ ಎಂಥ ದನಿ ಬರುತ್ತಿತ್ತೋ ಗೊತ್ತಿಲ್ಲ. ಅವಳ ಕೆನ್ನೆಗೆ ಹೊಡೆದೆ, ಮುತ್ತಿಟ್ಟೆ, ಮತ್ತೆ ಹೊಡೆದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವಳು ಬೆರಗಾಗಿ ನನ್ನನ್ನೇ ನೋಡುತ್ತಿದ್ದಳು.

"ನೀ ಯಾವಾಗ್ ಬಂದೆ ಅಕ್ಕ?" ಎಂದಳು.

ಅವಳು ನನ್ನ ಮೊಣಕಾಲಿನ ರಕ್ತವನ್ನು ತನ್ನ ಸೆರಗಿನಿಂದ ಒರೆಸಿದಳು. ಮೈಸೂರಿನ ಕಡೆಗೊಮ್ಮೆ ತಿರುಗಿ ನೋಡಿ, ಬೇಸರದಲ್ಲಿ ಹೇಳಿದಳು.

"ಇವತ್ತು ರೈಲು ಬರ್ನೇ ಇಲ್ಲ ಕಣಕ್ಕ. ಆವಾಗಿಂದ ಕಾಯ್ತಾ ಇವ್ನಿ."

ಸುಳ್ಳು ಹೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಗೇಟಿನವರೆಗೆ ಬರಿಗಾಲಲ್ಲೇ ನಡೆದಳು. ಸಿಮೆಂಟಿನ ದಿಮ್ಮಿಗಳ ರಾಶಿ ಬಂದಾಗ ನನ್ನ ಕಾಲು ನಿಂತಿತು. ಅದು ಇದ್ದಲ್ಲೇ ಇತ್ತು. ಮೇಲಿನ ಒಂದು ದಿಮ್ಮಿಯೂ ಜರುಗಿರಲಿಲ್ಲ. ಈ ಹಳಿಯ ಮೇಲೆ ಬಂದ ರೈಲು ಇದನ್ನು ದಾಟಿ ಹೋದದ್ದು ಹೇಗೆ?

ಗೇಟು ಎದ್ದಿತ್ತು, ಜನ ಚದುರಿದ್ದರು. ಗೇಟಿನವನು ಟಾರ್ಚು ಹಿಡಿದು ನಮ್ಮ ಕಡೆಗೇ ಬರುತ್ತಿದ್ದ. ಮೊದಲು ಬೈದ, ನಮ್ಮ ಸ್ಥಿತಿ ನೋಡಿ ಕುಡಿಯಲು ನೀರು ಕೊಟ್ಟ. ರೈಲು ಯಾವ ಹಳಿಯಲ್ಲಿ ಬಂತು ಎಂದು ನಾನು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ.

"ಇನ್ಯಾವುದ್ರಲ್ಲಿ ಬತ್ತದಮ್ಮ? ದಿನಾ ಬರೋದ್ರಲ್ಲೇ ಬಂತು. ಆ ಲೈನ್ ಇನ್ನೂ ಕೂಡ್ಸೇ ಇಲ್ಲ. ನನ್ ಕಣ್ಮುಂದೇನೆ ಓಯ್ತಲ್ಲ."

ಅಲ್ಲಿಂದಲೇ ಮಾದೇವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಅವನು ಆಟೋ ತಂದ. ಸರೋಜಳನ್ನು ಕಂಡವನು ಗೇಟಿನ ಕಟ್ಟೆಯ ಮೇಲೆ ಕುಸಿದು ಕೂತು, ಮನು ಹೋದ ಮೇಲೆ ಮೊದಲ ಸಲ ಎಲ್ಲರೆದುರು ಅತ್ತ. "ನಿಂಗೇನಾರ ಆಗಿದ್ರೆ ನಾ ಯಾರ್ನ ಬಯ್ಯನ?" ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ. ಸರೋಜ ಅವನ ತಲೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಆ ರಾತ್ರಿ ನಾನು ಅವಳ ಮಗ್ಗುಲಲ್ಲೇ, ಅವಳ ಸೆರಗಿನ ತುದಿಯನ್ನು ನನ್ನ ಕೈಗೆ ಸುತ್ತಿಕೊಂಡು ಮಲಗಿದೆ. ಅವಳಿಗೆ ಒಳ್ಳೆಯ ನಿದ್ದೆ ಬಂತು.

ಮಾರನೆಯ ಬೆಳಿಗ್ಗೆ ನಾನೂ ಮಾದೇವನೂ ಆ ಜಾಗಕ್ಕೆ ಹೋದೆವು. ನೋಡದೆ ಇರಲು ನನ್ನಿಂದ ಆಗಲಿಲ್ಲ. ಹೊಸ ಹಳಿಯ ಮೇಲ್ಮೈ ಉದ್ದಕ್ಕೂ ಕೆಂಪಗೆ ತುಕ್ಕು ಹಿಡಿದಿತ್ತು. ಚಕ್ರ ಉರುಳಿದ್ದರೆ ತುಕ್ಕು ಎಲ್ಲಾದರೂ ಉಜ್ಜಿಹೋಗಿರಬೇಕು. ಬೆರಳಿನಿಂದ ಮುಟ್ಟಿದೆ, ಪುಡಿ ಪುಡಿಯಾಗಿ ಅಂಟಿಕೊಂಡಿತು. ಇನ್ನೂ ಮುಂದೆ ನಡೆದೆವು. ಹೊಸ ಹಳಿ ಹಳೆಯದನ್ನು ಸೇರಬೇಕಾದ ಜಾಗದಲ್ಲಿ ಹಳಿಯೇ ಇರಲಿಲ್ಲ. ಬರೀ ಜಲ್ಲಿ, ನಡುವೆ ಬೆಳೆದ ಹುಲ್ಲು, ಒಂದು ಕೋಲಿಗೆ ಕಟ್ಟಿದ ಕೆಂಪು ಬಟ್ಟೆಯ ಚೂರು.

ಹಾಗಾದರೆ ನಾನೇ ಹಳಿಯನ್ನು ತಪ್ಪಾಗಿ ತಿಳಿದೆನೇ? ಸರೋಜ ಕೂತಿದ್ದದ್ದು ಹೊಸ ಹಳಿಯ ಮೇಲೆ, ರೈಲು ಬಂದದ್ದು ಎಂದಿನ ಹಳಿಯ ಮೇಲೆ ಎಂದುಕೊಂಡರೆ ಎಲ್ಲವೂ ಸರಿಹೋಗುತ್ತದೆ. ಮಾದೇವನೂ ಹಾಗೆಯೇ ಹೇಳಿದ. ನಾನೂ ಒಪ್ಪಲು ಸಿದ್ಧಳಿದ್ದೆ. ನಿಜ ಹೇಳಬೇಕೆಂದರೆ, ಒಪ್ಪಿಕೊಂಡುಬಿಟ್ಟರೆ ಸಾಕೆನ್ನಿಸಿತ್ತು. ಆದರೆ ಅಷ್ಟರಲ್ಲಿ ಮಾದೇವನಿಗೇ ಅವಳ ಚಪ್ಪಲಿಗಳು ಕಂಡವು. ಆಚೆ ಹಳಿಗೆ, ರೈಲು ಓಡಾಡುವ ಹಳಿಗೆ ಹೊಂದಿಕೊಂಡು, ಹೊಲದ ಕಡೆಗೆ, ಜೋಡಿಯಾಗಿ ಬಿಟ್ಟಿದ್ದಳು. ಆ ಹಳಿಯ ನಡುವೆ ಅವಳು ಕೂತಿದ್ದ ಗುರುತೂ ಇತ್ತು. ಚೂಪು ಕಲ್ಲುಗಳನ್ನು ಅತ್ತಿತ್ತ ಸರಿಸಿ ಜಾಗ ಮಾಡಿಕೊಂಡಿದ್ದಳು. ಮಾದೇವ ಚಪ್ಪಲಿಗಳನ್ನು ಎತ್ತಿಕೊಂಡು ಅವುಗಳ ಧೂಳು ಒರೆಸಿದ.

"ಬುಡಿ ಅಕ್ಕ," ಎಂದ. "ಅವ್ಳು ಮನೇಲವ್ಳೆ. ಅಷ್ಟ್ ಸಾಕು. ಇದ್ನ ಯಾರ್ಗೂ ಏಳ್ಬೇಡಿ."

ಯಾರಿಗೂ ಹೇಳಲಿಲ್ಲ. ಮೈಸೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಸರೋಜಳನ್ನು ತಿಂಗಳುಗಟ್ಟಲೆ ಕರೆದುಕೊಂಡು ಹೋದೆವು. ಅವರು ಮಾತ್ರೆ ಕೊಟ್ಟರು, ಅದಕ್ಕಿಂತ ಹೆಚ್ಚಾಗಿ ಅವಳು ಮಾತಾಡುವಂತೆ ಮಾಡಿದರು. ಅವರ ಎದುರು ಮಾದೇವನೂ ಬಾಯಿಬಿಟ್ಟ. ಮನೆಯಲ್ಲಿ ಜಗಳಗಳಾದವು, ಆಗಬೇಕಾದ ಜಗಳಗಳೇ. ಸಂಪನ್ನು ಮಣ್ಣು ತುಂಬಿ ಮುಚ್ಚಿಸಿದರು. ಸರೋಜ ನಿಧಾನವಾಗಿ ಊಟ ಮಾಡತೊಡಗಿದಳು, ನೆರೆಮನೆಗೆ ಹೋಗಿ ಬರತೊಡಗಿದಳು. ನೂರ್‌ಜಹಾನಳ ಜೊತೆ ಕೂತು ದಿಂಬಿನ ಕವರು ಹೊಲಿಯಲು ಕಲಿತಳು. ಈಗ ಅದೇ ಅವಳ ಕಸುಬು.

ನಾನು ಮಾತ್ರ ಆ ಸಂಜೆಯನ್ನು ಬಿಡಲಾರದೆ ಹೋದೆ. ಗೇಟಿನವನ ಲೆಕ್ಕದಲ್ಲಿ ರೈಲು ಎಂದಿನ ಹಳಿಯಲ್ಲಿ ಬಂತು. ಅದೇ ಹಳಿಯಲ್ಲಿ ಕೂತಿದ್ದ ನನ್ನ ತಂಗಿಯ ಲೆಕ್ಕದಲ್ಲಿ ರೈಲೇ ಬರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಇನ್ನೂ ಕೂಡಿಸದ ಹಳಿಯ ಮೇಲೆ, ನನ್ನ ಮತ್ತು ಅವಳ ನಡುವೆ ಹಾದುಹೋಯಿತು. ಮೂವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಗಾಬರಿಯಲ್ಲಿ ಕಣ್ಣು ಏನನ್ನೋ ಕಂಡಿತು ಎನ್ನುವವರಿಗೆ ನಾನು ಎದುರು ಹೇಳುವುದಿಲ್ಲ, ಡ್ರೈವರುಗಳಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನನ್ನ ಗಾಬರಿ ನನ್ನ ಕಣ್ಣಿಗೆ ಏನಾದರೂ ಮಾಡಿರಬಹುದು, ಎಂಜಿನ್ನಿಗೆ ಏನು ಮಾಡೀತು? ರೈಲು ಅವಳು ಕೂತಿದ್ದ ಹಳಿಯಲ್ಲೇ ಬಂದಿದ್ದರೆ ಅವಳು ಉಳಿದದ್ದು ಹೇಗೆ? ಎಷ್ಟು ಸಲ ಎಣಿಸಿದರೂ ಇಲ್ಲಿಗೇ ಬಂದು ನಿಲ್ಲುತ್ತೇನೆ. ದೇವರ ಹೆಸರು ಹೇಳಿ ಮುಗಿಸಿಬಿಡಲು ನನಗೆ ಮನಸ್ಸಾಗುವುದಿಲ್ಲ. ಮನುವಿನ ದಿನ ಆ ದೇವರು ಎಲ್ಲಿದ್ದ ಎಂದು ಸರೋಜ ಕೇಳಿದರೆ ನಾನೇನು ಹೇಳಲಿ?

ಎಷ್ಟೋ ವರ್ಷ ಅವಳೊಡನೆ ಈ ಮಾತು ಆಡಿರಲಿಲ್ಲ. ಹೋದ ಬೇಸಿಗೆಯಲ್ಲಿ ಅವಳು ನಮ್ಮ ಮನೆಗೆ ಬಂದಿದ್ದಾಗ, ಮಧ್ಯಾಹ್ನ ಇಬ್ಬರೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಯಾಕೋ ತಡೆಯಲಾಗಲಿಲ್ಲ. ಅವತ್ತು ನಾನು ಕಂಡದ್ದನ್ನು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು. ನಗಲಿಲ್ಲ, ಹೆದರಲೂ ಇಲ್ಲ. ನಂಗಂತೂ ಏನೂ ಕಾಣ್ನಿಲ್ಲ, ಸದ್ದೂ ಕೇಳ್ನಿಲ್ಲ ಎಂದಳು. ಆಮೇಲೆ ಸ್ವಲ್ಪ ಹೊತ್ತು ಬೀಜಗಳನ್ನು ಒಂದು ಕಡೆಗೆ ಗುಡ್ಡೆ ಮಾಡುತ್ತಾ ಇದ್ದಳು.

"ನೀ ನೋಡ್ದಲ್ಲ ಆ ರೈಲು," ಎಂದಳು ತಲೆ ಎತ್ತದೆ. "ಅದ್ರೊಳಗೆ ಮಕ್ಳು ಯಾರಾರ ಇದ್ರಾ ಅಕ್ಕ?"

ಕಿಟಕಿಗಳ ಬೆಳಕು ಜಲ್ಲಿಯ ಮೇಲೆ ಓಡಿದ್ದು ನೆನಪಿದೆ. ಇದ್ದರು ಎಂದು ಹೇಳಬಹುದಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು. ಆದರೆ ಈ ಒಂದು ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲ ಕಣಮ್ಮಿ," ಎಂದೆ. "ನಾ ಮೇಲಕ್ಕೇ ನೋಡ್ನಿಲ್ಲ. ಚಕ್ರದ ಸಂದೀಲಿ ನಿನ್ನೇ ನೋಡ್ತಾ ಇದ್ದೆ."